ಇಡೀ ತಿಂಗಳಿಗೆ ಆರೇ ನಿಮಿಷ ಬಿಸಿಲು

2017ರ ಡಿಸೆಂಬರ್‌ನಲ್ಲಿ ಮಾಸ್ಕೋಗೆ ಸಿಕ್ಕ ಬಿಸಿಲು ಬರೀ 6 ನಿಮಿಷ. ದಿನಕ್ಕಲ್ಲ, ಇಡೀ ತಿಂಗಳಿಗೆ! ಅದು ಸರಿ, ಬಿಸಿಲನ್ನು ನಿಮಿಷದ ಲೆಕ್ಕದಲ್ಲಿ ಅಳೆಯುವುದಾದರೂ ಹೇಗೆ?

ಹಳೆಯ ಉಪಾಯ ನನಗಂತೂ ತುಂಬಾ ಇಷ್ಟ. ಒಂದು ಗಾಜಿನ ಗೋಳ, ಅದರ ಹಿಂದೆ ಬಾಗಿಸಿಟ್ಟ ರಟ್ಟಿನ ಪಟ್ಟಿ. ಬಿಸಿಲು ಬಿದ್ದರೆ ಗೋಳ ಭೂತಗನ್ನಡಿಯ ಹಾಗೆ ಪಟ್ಟಿಯನ್ನು ಸುಡುತ್ತದೆ. ಸೂರ್ಯ ಸರಿದ ಹಾಗೆ ಸುಟ್ಟ ಗೆರೆಯೂ ಸರಿಯುತ್ತದೆ, ಮೋಡ ಅಡ್ಡ ಬಂದರೆ ಗೆರೆ ತುಂಡಾಗುತ್ತದೆ, ಸಂಜೆ ಪಟ್ಟಿ ತೆಗೆದು ಕರಕಲು ಗೆರೆ ಎಷ್ಟುದ್ದ ಇದೆ ಅಂತ ನೋಡಿದರೆ ಆಯಿತು. 1853ರಲ್ಲಿ ಸ್ಕಾಟ್ಲೆಂಡಿನ ಲೇಖಕ ಕ್ಯಾಂಪ್‌ಬೆಲ್ ಮರದ ಬಟ್ಟಲಿನಲ್ಲಿ ಗೋಳ ಇಟ್ಟು ಶುರು ಮಾಡಿದ್ದನ್ನು 1879ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ಸುಧಾರಿಸಿದರು. ಈಗ ಸೆನ್ಸರ್‌ಗಳಿವೆ. ನೇರ ಬಿಸಿಲು ಚದರ ಮೀಟರ್‌ಗೆ 120 ವ್ಯಾಟ್ ದಾಟಿದರೆ ಮಾತ್ರ ಲೆಕ್ಕಕ್ಕೆ.

ಚಳಿಗಾಲದಲ್ಲಿ ಧ್ರುವದ ಕಡೆ ಹೋದಷ್ಟೂ ಹಗಲು ಚಿಕ್ಕದು. ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆದರೆ ಹಗಲಿದ್ದ ಮಾತ್ರಕ್ಕೆ ಬಿಸಿಲಿರಬೇಕು ಅಂತೇನಿಲ್ಲ, ಅಲ್ವಾ? ಜಪಾನ್ ನೋಡಿ. ಜನವರಿಯಲ್ಲಿ ಟೋಕಿಯೊಗೆ ಸುಮಾರು 190 ಗಂಟೆ ಬಿಸಿಲು, ಅಲ್ಲಿನ ಜೂನ್‌ಗಿಂತಲೂ ಜಾಸ್ತಿ. ಇನ್ನೊಂದು ಕರಾವಳಿಯ ನೀಗಾಟಕ್ಕೆ 60 ಗಂಟೆಯೂ ಇಲ್ಲ. ಸೈಬೀರಿಯದ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ನೀರಾವಿ ತುಂಬಿಕೊಂಡು, ದೇಶದ ನಡುವಿನ ಬೆಟ್ಟಸಾಲಿಗೆ ಬಡಿದು, ಹಿಮವನ್ನೆಲ್ಲ ನೀಗಾಟದ ಕಡೆಯೇ ಸುರಿದುಬಿಡುತ್ತದೆ. ಬೆಟ್ಟ ಇಳಿದು ಟೋಕಿಯೊ ಮುಟ್ಟುವಷ್ಟರಲ್ಲಿ ಅದರ ಬಳಿ ಮೋಡ ಕಟ್ಟಲು ಏನೂ ಉಳಿದಿರುವುದಿಲ್ಲ. ಚೀನಾದ ಸಿಚುವಾನ್‌ನದು ಇನ್ನೊಂದು ಕಥೆ. ಸುತ್ತಲೂ ಬೆಟ್ಟ, ನಡುವೆ ಬೋಗುಣಿಯಂಥ ತಗ್ಗು, ಮಂಜು ಮೋಡ ಒಳಗೇ ಸಿಕ್ಕಿಕೊಳ್ಳುತ್ತವೆ. ಅಲ್ಲಿನ ನಾಯಿಗಳು ಸೂರ್ಯನನ್ನು ಕಂಡರೆ ಬೊಗಳುತ್ತವೆ ಅಂತ ಒಂದು ಹಳೆಯ ಚೀನೀ ಗಾದೆಯೇ ಇದೆ!

ಲಂಡನ್, ಕೆನಡಾದ ಕ್ಯಾಲ್ಗರಿ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಡಿಸೆಂಬರ್‌ನಲ್ಲಿ ಹಗಲಿನ ಉದ್ದವೂ ಒಂದೇ. ಆದರೂ ರಾಕಿ ಪರ್ವತಗಳ ಮರೆಯಲ್ಲಿರುವ ಕ್ಯಾಲ್ಗರಿಗೆ ಸರಿಸುಮಾರು ಎರಡು ಪಟ್ಟು ಬಿಸಿಲು.

ಹಾಗಂತ ಗಂಟೆಗಳನ್ನು ನೋಡಿ ಚಳಿ ಕಾಯಿಸಿಕೊಳ್ಳಲು ಹೊರಡಬೇಡಿ. ಡಿಸೆಂಬರ್ 21ರ ನಡುಮಧ್ಯಾಹ್ನ ಕ್ಯಾಲ್ಗರಿಯಲ್ಲೂ ಸೂರ್ಯ ಮೇಲೇರುವುದು 15 ಡಿಗ್ರಿ ಅಷ್ಟೇ. ಓರೆಯಾಗಿ ಬೀಳುವ ಬಿಸಿಲು ಸುಮಾರು ನಾಲ್ಕು ಪಟ್ಟು ಜಾಗಕ್ಕೆ ಹರಡಿ ತೆಳ್ಳಗಾಗಿರುತ್ತದೆ. ಅದೇ ದಿನ ಸಿಂಗಾಪುರದ ನಡುಮಧ್ಯಾಹ್ನದಲ್ಲಿ ಸೂರ್ಯ 65 ಡಿಗ್ರಿ ಮೇಲಿರುತ್ತಾನೆ. ಗಾಜಿನ ಗೋಳಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಟ್ಟಿ ಸುಟ್ಟರೆ ಸಾಕು, ಎರಡೂ ಕಡೆ ಒಂದು ಗಂಟೆ ಒಂದೇ ಗಂಟೆ.