ಮಂಗಾ ಪುಸ್ತಕ ಹಿಂದುಮುಂದಾಗಿ ಅಚ್ಚಾಗಿದೆಯೇ?

ಪ್ರಶ್ನೆ: ಮಾನ್ಯರೇ, ತಾವು ಮೆಚ್ಚಿ ಬರೆದಿದ್ದಿರೆಂದು ಮಗನ ಕೈಯಲ್ಲಿ ಒಂದು ಮಂಗಾ ಸಂಪುಟ, ಎಂದರೆ ಜಪಾನಿ ಚಿತ್ರಕಥೆಯ ಪುಸ್ತಕ, ತರಿಸಿದೆ. ಮುಖಪುಟ ಇರಬೇಕಾದ ಕಡೆ ಹಿಂಬದಿಯ ರಟ್ಟು ಇದೆ, ಕಥೆ ಕೊನೆಯಿಂದ ಶುರುವಾಗುತ್ತದೆ. ಇದು ಬೈಂಡಿಂಗಿನ ತಪ್ಪೋ, ಜಪಾನಿನವರು ಎಲ್ಲವನ್ನೂ ಹಿಂದಿನಿಂದಲೇ ಓದುತ್ತಾರೋ? ಇಂಗ್ಲಿಷಿಗೆ ತರುವಾಗ ಚಿತ್ರಗಳನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿಬಿಟ್ಟಿದ್ದರೆ ನಮ್ಮಂಥವರಿಗೆ ಈ ಕಷ್ಟ ಇರುತ್ತಿರಲಿಲ್ಲವಲ್ಲ?
(ತರೀಕೆರೆಯ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆಯನ್ನು ಮೊದಮೊದಲು ಕೇಳಿದವರಿಗೆ ನಾನು ಪುಸ್ತಕವನ್ನು ಎದುರಿಗಿಟ್ಟು, ಪುಟ ತಿರುವಿ, ಬೆರಳಿಟ್ಟು ತೋರಿಸಿದ್ದುಂಟು. ಈಗ ಚಿಕ್ಕಮಗಳೂರು ಪೇಟೆಯ ಕಾಫಿಪುಡಿ ಅಂಗಡಿಯಲ್ಲಿ ಬೀಜ ಪುಡಿಯಾಗುವುದನ್ನು ಕಾಯುತ್ತ ನಿಂತಾಗಲೂ, ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಇದೇ ಪ್ರಶ್ನೆ ಎದುರಾಗುತ್ತಿರುವುದರಿಂದ, ಒಮ್ಮೆ ಬರೆದು ಮುಗಿಸಿಬಿಡುವುದೇ ಲೇಸೆಂದು ತೋರಿತು. ನಾನು ಈ ವಿಷಯದ ಪಂಡಿತನೇನಲ್ಲ. ಜಪಾನಿ ಭಾಷೆಯ ಗಂಧವಿಲ್ಲದೆ, ಇಂಗ್ಲಿಷಿನಲ್ಲಿ ಬಂದ ಸಂಪುಟಗಳನ್ನು ತೋಟದ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ಓದುವ ಸಾಮಾನ್ಯ ಓದುಗ.

ಬೈಂಡಿಂಗ್ ಸರಿಯಾಗಿಯೇ ಇದೆ, ಪುಸ್ತಕವನ್ನು ಹಿಂದಿರುಗಿಸಲು ಹೋಗಬೇಡಿ. ಪುಸ್ತಕದ ಬೆನ್ನು ನಿಮ್ಮ ಬಲಗಡೆಗೆ ಬರುವಂತೆ ಹಿಡಿದರೆ ಎದುರಿಗೆ ಕಾಣುವುದೇ ಮುಖಪುಟ. ಪ್ರತಿ ಪುಟದಲ್ಲಿಯೂ ಮೇಲಿನ ಸಾಲಿನ ಬಲತುದಿಯ ಚೌಕಟ್ಟಿನಿಂದ ಎಡಕ್ಕೆ ಸಾಗಿ, ಅನಂತರ ಕೆಳಗಿನ ಸಾಲಿನ ಬಲತುದಿಗೆ ಇಳಿಯಬೇಕು. ಒಂದೇ ಚೌಕಟ್ಟಿನಲ್ಲಿ ಇಬ್ಬರು ಮಾತನಾಡುತ್ತಿದ್ದರೆ ಮಾತು ಬರೆದಿರುವ ಗುಳ್ಳೆಗಳಲ್ಲಿ ಬಲಗಡೆಯದು ಮೊದಲು. ಗುಳ್ಳೆಯೊಳಗಿನ ಇಂಗ್ಲಿಷ್ ಮಾತ್ರ ಎಂದಿನಂತೆ ಎಡದಿಂದ ಬಲಕ್ಕೆ. ಹತ್ತು ಹದಿನೈದು ಪುಟಗಳವರೆಗೆ ಕಣ್ಣು ತಡವರಿಸುತ್ತದೆ, ಆಮೇಲೆ ತಾನಾಗಿ ಹಾದಿ ಹಿಡಿಯುತ್ತದೆ.

ಹಾಗೆ ಹಿಡಿಯದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಪಕ್ಕದ ತೋಟದ ಹಿರಿಯರೊಬ್ಬರೇ ಸಾಕ್ಷಿ. ಕನೆಹಿತೊ ಯಮದ ಬರೆದು ತ್ಸುಕಾಸ ಅಬೆ ಚಿತ್ರಿಸಿರುವ ‘ಫ್ರೀರೆನ್’ ಮಾಲೆಯ ಮೊದಲ ಸಂಪುಟವನ್ನು ಅವರು ನನ್ನಿಂದ ಒಯ್ದು, ತಪ್ಪು ತುದಿಯಿಂದ ತೆರೆದು, ನೀವು ತಪ್ಪು ದಿಕ್ಕಿನಲ್ಲಿ ಓದುತ್ತಿದ್ದೀರೆಂದು ಪ್ರಕಾಶಕರು ದೊಡ್ಡಕ್ಷರದಲ್ಲಿ ಹಾಕಿದ್ದ ಎಚ್ಚರಿಕೆಯನ್ನು ಜಾಹೀರಾತೆಂದು ದಾಟಿ, ಎರಡು ದಿನಗಳಲ್ಲಿ ಓದಿ ಮುಗಿಸಿ ತಂದುಕೊಟ್ಟರು. “ಕಥೆ ಪರವಾಗಿಲ್ಲ ಮಾರಾಯ, ಆದರೆ ಮಣ್ಣಾದವನು ಮುದುಕನಾಗಿ ಎದ್ದು ಬಂದು, ಆಮೇಲೆ ಹರೆಯದವನಾಗಿ ಮೆರವಣಿಗೆಯಲ್ಲಿ ಹೋದನಲ್ಲ, ಅದು ಹೇಗೆ?” ಎಂದು ಕೇಳಿದರು. ಸಾವಿರಾರು ವರ್ಷ ಬದುಕುವವಳೊಬ್ಬಳು, ತನ್ನೊಡನೆ ಹತ್ತು ವರ್ಷ ಅಲೆದ ಗೆಳೆಯನ ಶವಸಂಸ್ಕಾರದಲ್ಲಿ ನಿಂತು, ಇವನನ್ನು ಅರಿಯಲು ತಾನೇಕೆ ಪ್ರಯತ್ನಿಸಲಿಲ್ಲವೆಂದು ಅಳುವಲ್ಲಿ ನಿಜವಾಗಿ ಶುರುವಾಗುವ ಕಥೆಯದು. ಅವರು ಅದನ್ನು ಪುನರ್ಜನ್ಮದ ಕಥೆಯನ್ನಾಗಿ ಓದಿಕೊಂಡಿದ್ದರು.

ಇನ್ನು ‘ಹಿಂದಿನಿಂದ’ ಎಂಬ ಮಾತಿಗೆ ಬರೋಣ. ಜಪಾನಿ ಬರಹದ ಸಾಂಪ್ರದಾಯಿಕ ಕ್ರಮದಲ್ಲಿ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ ಮತ್ತು ಅಂಥ ಕಂಬಸಾಲುಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಸಾಲು ಬಲದಲ್ಲಿ ಆರಂಭವಾದರೆ ಪುಸ್ತಕವೂ ಬಲದಲ್ಲಿಯೇ ತೆರೆದುಕೊಳ್ಳಬೇಕು. ಮಂಗಾದ ಮಾತಿನ ಗುಳ್ಳೆಗಳು ಪಡವಲಕಾಯಿಯಂತೆ ಉದ್ದಕ್ಕೆ ಇಳಿಬಿದ್ದಿರುವುದೂ, ಅವುಗಳೊಳಗೆ ಇಂಗ್ಲಿಷ್ ಪದಗಳು ಅಡ್ಡಗೆರೆ ಹಾಕಿಸಿಕೊಂಡು ತುಂಡುತುಂಡಾಗಿ ಕುಳಿತಿರುವುದೂ ಈ ಕಾರಣದಿಂದಲೇ. ಹಾಗೆಂದು ಜಪಾನಿನವರು ಎಲ್ಲವನ್ನೂ ಹೀಗೆಯೇ ಓದುತ್ತಾರೆಂಬುದೂ ಸರಿಯಲ್ಲ. ಅಲ್ಲಿಯ ಗಣಿತ, ವಿಜ್ಞಾನದ ಪಠ್ಯಪುಸ್ತಕಗಳನ್ನು ಅಡ್ಡಸಾಲಿನಲ್ಲಿ, ಎಡದಿಂದ ಬಲಕ್ಕೆ ಅಚ್ಚು ಹಾಕುತ್ತಾರೆ. ಅವು ನಮ್ಮ ಪುಸ್ತಕಗಳಂತೆಯೇ ತೆರೆದುಕೊಳ್ಳುತ್ತವೆ. ನಿಮ್ಮೂರಿನ ಉರ್ದು ಶಾಲೆಯ ಮಗುವೊಂದರ ಕೈಗೆ ನೀವು ತರಿಸಿದ ಸಂಪುಟವನ್ನು ಕೊಟ್ಟು ನೋಡಿ, ಯಾರೂ ಹೇಳಿಕೊಡದೆ ಸರಿಯಾದ ತುದಿಯಿಂದಲೇ ತೆರೆದೀತು.

ಆದರೆ ನನ್ನ ತಾಳ್ಮೆ ಕೆಡಿಸುವುದು ಪ್ರಶ್ನೆಯ ಮೊದಲ ಭಾಗವಲ್ಲ, ಕನ್ನಡಿಯ ಭಾಗ. ತಿರುಗಿಸಿಬಿಟ್ಟರೆ ಮುಗಿಯಿತಲ್ಲ ಎಂದು ಹೇಳುವವರು, ಈ ಉಪಾಯ ಜಗತ್ತಿನಲ್ಲಿ ತಮಗೊಬ್ಬರಿಗೇ ಹೊಳೆದಿದೆ ಎಂಬ ಧಾಟಿಯಲ್ಲಿ ಹೇಳುತ್ತಾರೆ. ಅದು ಪ್ರಕಾಶಕರಿಗೆ ಹೊಳೆದಿತ್ತು, ಅವರು ಮಾಡಿಯೂ ಇದ್ದರು. ಕತ್ಸುಹಿರೊ ಒತೊಮೊ ಅವರ ‘ಅಕಿರಾ’ 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾಗತೊಡಗಿದಾಗ ಪುಟಗಳನ್ನು ಕನ್ನಡಿಬಿಂಬವಾಗಿ ತಿರುಗಿಸಿದ್ದರು, ಸಾಲದೆಂಬಂತೆ ಕಪ್ಪುಬಿಳುಪಿನ ಚಿತ್ರಗಳಿಗೆ ಬಣ್ಣವನ್ನೂ ತುಂಬಿಸಿದ್ದರು. ಮೂಲದಲ್ಲಿ ಬಲಗೈ ಕಳೆದುಕೊಳ್ಳುವ ತೆತ್ಸುವೊ ಎಂಬ ಹುಡುಗ ಇಲ್ಲಿ ಎಡಗೈ ಕಳೆದುಕೊಂಡ. 1990ರ ದಶಕದಲ್ಲಿ ಇಂಗ್ಲಿಷಿಗೆ ಬಂದ ಹೆಚ್ಚಿನ ಮಂಗಾಗಳ ಪಾಡು ಇದೇ ಆಗಿತ್ತು.

ನ್ಯಾಯವಾಗಿ ಹೇಳುವುದಾದರೆ, ಹಾಗೆ ತಿರುಗಿಸಿದವರ ಪರವಾಗಿಯೂ ಒಂದು ಮಾತಿದೆ. ಪುಟವನ್ನು ಇಡಿಯಾಗಿ ತಿರುಗಿಸಿದಾಗ ಕಣ್ಣು ಹರಿಯುವ ಕ್ರಮ ಕೆಡುವುದಿಲ್ಲ. ಓಡುವವನು ಓದುಗನ ಕಣ್ಣು ಓಡುವ ಕಡೆಗೇ ಓಡುತ್ತಾನೆ. ಕೆಡುವುದು ಉಳಿದೆಲ್ಲ. ಕತ್ತಿ ಹಿಡಿದವರೆಲ್ಲ ಎಡಚರಾಗುತ್ತಾರೆ. ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಗಾಡಿ ಓಡಿಸುವ ಜಪಾನಿನಲ್ಲಿ ಎಲ್ಲ ಕಾರುಗಳ ಸ್ಟಿಯರಿಂಗೂ ಎಡಕ್ಕೆ ಹೋಗಿ, ಎಲ್ಲರೂ ಬಲಬದಿಯಲ್ಲಿ ಸಾಗುತ್ತಾರೆ. “ಎಡಕ್ಕೆ ತಿರುಗು” ಎಂದು ಹೇಳಿದವನ ಬೆರಳು ಬಲಕ್ಕೆ ತೋರಿಸುತ್ತದೆ. ಅಂಗಡಿಯ ಫಲಕವನ್ನೂ ಅಂಗಿಯ ಮೇಲಿನ ಅಕ್ಷರವನ್ನೂ ಯಾರಾದರೂ ಕುಳಿತು ಮತ್ತೆ ಬರೆಯಬೇಕು. ಮೇಲಾಗಿ, ಚಿತ್ರ ಬರೆಯುವವರು ತಮ್ಮ ಕೆಲಸದ ಕೊಂಕು ಕಾಣಲೆಂದೇ ಅದನ್ನು ಕನ್ನಡಿಯಲ್ಲಿ ಹಿಡಿದು ನೋಡುತ್ತಾರೆ, ಏಕೆಂದರೆ ನೇರವಾಗಿ ನೋಡಿದಾಗ ಕಾಣದ ಮುಖದ ಸೊಟ್ಟತನ ಅಲ್ಲಿ ಎದ್ದು ಕಾಣುತ್ತದೆ. ಇಡೀ ಪುಸ್ತಕವನ್ನು ತಿರುಗಿಸಿ ಮಾರುವುದೆಂದರೆ ಆ ಕೊಂಕುಗಳನ್ನೇ ಆರಿಸಿ ಪ್ರದರ್ಶನಕ್ಕಿಟ್ಟಂತೆ.

ಇದಿಷ್ಟನ್ನೂ ಕೇಳಿದ ಮೇಲೂ “ಕಥೆ ಅರ್ಥವಾದರೆ ಸಾಕು, ಕೈ ಯಾವುದಾದರೇನು” ಎಂದು ಹೇಳುವವರಿದ್ದಾರೆ. ಅಂಥವರಿಗೆ ನಾನು ಜಪಾನಿನ ಸಾಂಪ್ರದಾಯಿಕ ಉಡುಗೆಯಾದ ಕಿಮೊನೊದ ವಿಷಯ ಹೇಳುತ್ತೇನೆ. ಕಿಮೊನೊ ಉಡುವಾಗ ಎಡಗಡೆಯ ಸೆರಗು ಬಲಗಡೆಯದರ ಮೇಲೆ ಬರಬೇಕು; ಬಲಗಡೆಯದು ಮೇಲೆ ಬರುವಂತೆ ಉಡಿಸುವುದು ಶವಕ್ಕೆ ಮಾತ್ರ. ಪುಟವನ್ನು ತಿರುಗಿಸಿದ ಕೂಡಲೇ ಹಬ್ಬಕ್ಕೆ ಹೊರಟ ಮನೆಮಂದಿಯೆಲ್ಲ ಹೆಣದ ಉಡುಗೆಯಲ್ಲಿ ನಿಂತಿರುತ್ತಾರೆ. ಇದು ದೂರದ ಮಾತೆನಿಸಿದರೆ ನಮ್ಮಲ್ಲಿಯೇ ನೋಡಿ: ಮದುವೆಯ ಮಂಟಪದಲ್ಲಿ ಕುಳಿತ ವರನ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿದರೆ ಜನಿವಾರ ಎಡಹೆಗಲಿನಿಂದ ಬಲಹೆಗಲಿಗೆ ಬರುತ್ತದೆ. ಬಲಹೆಗಲಿನ ಜನಿವಾರ ಅಪಸವ್ಯ, ಅದು ಪಿತೃಕಾರ್ಯಕ್ಕೆ. ಮದುವೆಮನೆಯ ಚಿತ್ರ ತಿಥಿಮನೆಯದಾಯಿತು, ಪಕ್ಕದಲ್ಲಿ ವಧು ಬಲಹೆಗಲ ಮೇಲೆ ಸೆರಗು ಹೊದ್ದು ಎಡಗೈಯಲ್ಲಿ ಅಕ್ಷತೆ ಹಿಡಿದಿದ್ದಾಳೆ. ಕಥೆ ಅರ್ಥವಾಗುತ್ತದೆಯೇ ಎಂದು ಈಗ ಕೇಳಿ.

ಹಿರೋಆಕಿ ಸಮುರ ಅವರ ‘ಬ್ಲೇಡ್ ಆಫ್ ದಿ ಇಮ್ಮಾರ್ಟಲ್’ 1996ರಲ್ಲಿ ಇಂಗ್ಲಿಷಿಗೆ ಬಂದಾಗ ಈ ಇಕ್ಕಟ್ಟು ಇನ್ನೂ ಬಿಗಿಯಾಯಿತು. ಅದರ ನಾಯಕನ ಬೆನ್ನ ಮೇಲೆ ‘ಮಂಜಿ’ ಎಂಬ ಬೌದ್ಧ ಚಿಹ್ನೆಯಿದೆ, ನಮ್ಮ ಸ್ವಸ್ತಿಕದ್ದೇ ಕವಲು, ತೋಳುಗಳು ಎಡಕ್ಕೆ ತಿರುಗಿದ್ದು. ಅದನ್ನು ತಿರುಗಿಸಿದರೆ ಪಾಶ್ಚಾತ್ಯ ಓದುಗರ ಕಣ್ಣಿಗೆ ಬೀಳುವುದು ನಾಜಿಗಳ ಗುರುತು. ಆದ್ದರಿಂದ ಪ್ರಕಾಶಕರು ಪುಟವನ್ನು ತಿರುಗಿಸುವ ಬದಲು ಚೌಕಟ್ಟುಗಳನ್ನು ಒಂದೊಂದಾಗಿ ಕತ್ತರಿಸಿ ಎಡದಿಂದ ಬಲಕ್ಕೆ ಜೋಡಿಸಿದರು. ಚಿಹ್ನೆ ಉಳಿಯಿತು, ಪುಟದ ವಿನ್ಯಾಸ ಹೋಯಿತು. 2002ರಲ್ಲಿ ಟೋಕಿಯೊಪಾಪ್ ಸಂಸ್ಥೆ ಮೂಲದ ದಿಕ್ಕಿನಲ್ಲಿಯೇ ಅಚ್ಚು ಹಾಕುವುದಾಗಿ ಸಾರಿ ಹೊರಟಿತು. ತಿದ್ದುವ ಕೆಲಸವೂ ಖರ್ಚೂ ಉಳಿದವು, ಓದುಗರು ಓಡಿಹೋಗಲಿಲ್ಲ, ಉಳಿದವರೂ ಅದೇ ಹಾದಿ ಹಿಡಿದರು. ಅಕಿರಾ ಕೂಡ ತನ್ನ 35ನೆಯ ವರ್ಷದ ಆವೃತ್ತಿಯಲ್ಲಿ, 2017ರಲ್ಲಿ, ಬಲದಿಂದ ಎಡಕ್ಕೆ ಮರಳಿತು.

ತರೀಕೆರೆಯವರು ಈ ಪ್ರಶ್ನೆ ಕೇಳಿದ್ದು ನನಗೆ ಒಳಗೊಳಗೇ ಸಂತೋಷವಾಗಿದೆ, ಏಕೆಂದರೆ ಇದರ ಉತ್ತರ ಅವರ ತಾಲ್ಲೂಕಿನಲ್ಲಿಯೇ ಕಲ್ಲಿನಲ್ಲಿದೆ. ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವಾಗ ಗೋಡೆ ನಮ್ಮ ಬಲಕ್ಕಿರುತ್ತದೆ; ನಿಂತು ಗೋಡೆಯ ಕಡೆಗೆ ತಿರುಗಿದರೆ ನಾವು ಸಾಗಬೇಕಾದ ದಿಕ್ಕು ಎಡವಾಗುತ್ತದೆ. ಅಂದರೆ ಹೊಯ್ಸಳ ಗುಡಿಗಳಲ್ಲಿ ಪ್ರದಕ್ಷಿಣೆಯ ಕ್ರಮದಲ್ಲಿ ಕೆತ್ತಿದ ಕಥೆಗಳನ್ನೆಲ್ಲ ನಾವು ಬಲದಿಂದ ಎಡಕ್ಕೇ ಓದುತ್ತ ಬಂದಿದ್ದೇವೆ, ಒಬ್ಬರೂ ಹಿಂದುಮುಂದಾಗಿದೆ ಎಂದು ದೂರಿಲ್ಲ. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಂತೂ ಎರಡೂ ದಿಕ್ಕುಗಳಿವೆ. ಮಂಟಪದ ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆ 25 ಫಲಕಗಳಲ್ಲಿ, ಮಹಾಭಾರತ 45 ಫಲಕಗಳಲ್ಲಿ ವಾಡಿಕೆಯಂತೆ ಪ್ರದಕ್ಷಿಣೆಯ ಕ್ರಮದಲ್ಲಿ ಸಾಗುತ್ತವೆ. ದಕ್ಷಿಣದ ಗೋಡೆಯ 70 ಫಲಕಗಳ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ, ಎಂದರೆ ನಾವು ಪುಸ್ತಕ ಓದುವಂತೆ ಎಡದಿಂದ ಬಲಕ್ಕೆ ಸಾಗುತ್ತದೆ. ಒಂದು ಭಾನುವಾರ ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ, ಉತ್ತರದ ಗೋಡೆಯನ್ನು ಒಂದು ಫಲಕದಿಂದ ಇನ್ನೊಂದಕ್ಕೆ ಎಡಕ್ಕೆ ಹೆಜ್ಜೆ ಸರಿಸುತ್ತ ನೋಡಿ ಬನ್ನಿ. ಮನೆಗೆ ಬಂದು ಮಂಗಾ ತೆರೆದರೆ ಕಣ್ಣಿಗೆ ಅಪರಿಚಿತವೆನಿಸುವುದಿಲ್ಲ.

ತಾವು ತರಿಸಿದ್ದು ಯಾವ ಸಂಪುಟವೆಂದು ಬರೆದಿಲ್ಲ. ಫ್ರೀರೆನ್ ಆಗಿದ್ದರೆ ಮೊದಲ ಮೂರು ಸಂಪುಟಗಳನ್ನು ನಿಧಾನವಾಗಿ ಓದಿ. ಆಮೇಲೆ ಬರುವ ಮಾಂತ್ರಿಕರ ಪರೀಕ್ಷೆಯ ಭಾಗದಲ್ಲಿ ಪಾತ್ರಗಳು ಸಂತೆಗೆ ಬಂದಂತೆ ಗುಂಪಾಗಿ ಬರುತ್ತವೆ, ಹೆಸರು ನೆನಪಿಡುವುದೇ ನನಗೊಂದು ಪರೀಕ್ಷೆಯಾಯಿತು. ರ‍್ಯೋಕೊ ಕುಯಿ ಅವರ ‘ಡಿಲಿಷಿಯಸ್ ಇನ್ ಡಂಜನ್’ 14 ಸಂಪುಟಗಳಲ್ಲಿ ಮುಗಿದಿದೆ, ಮನೆಯಲ್ಲಿ ಅಡುಗೆ ಮಾಡುವವರಿಗೆ ಅದನ್ನೇ ಕೊಡುತ್ತೇನೆ. ದುಡ್ಡಿಲ್ಲದೆ ನೆಲಮಾಳಿಗೆಗಿಳಿದ ತಂಡವೊಂದು ಎದುರಾದ ದೈತ್ಯಜೀವಿಗಳನ್ನೇ ಬೇಯಿಸಿ ತಿನ್ನುತ್ತದೆ. ಮೊದಲ ಅಧ್ಯಾಯದಲ್ಲಿಯೇ ನಡೆದಾಡುವ ಅಣಬೆ, ಚೇಳುಗಳು ಒಂದೇ ಪಾತ್ರೆಗೆ ಬೀಳುತ್ತವೆ. ತಪ್ಪು ದಿಕ್ಕಿನಲ್ಲಿ ಓದಿದರೆ ಉಂಡ ಮೇಲೆ ಒಲೆ ಹಚ್ಚಿ, ಕೊನೆಗೆ ಅಣಬೆ ಕೊಯ್ದಂತಾಗುತ್ತದೆ. ಕೊನೆಯ ಸಂಪುಟಗಳಲ್ಲಿ ಕಾಳಗ ಹೆಚ್ಚಿ ಅಡುಗೆ ಕಡಿಮೆಯಾಯಿತೆಂಬುದೊಂದೇ ನನ್ನ ತಕರಾರು. ಕಮೊಮೆ ಶಿರಹಾಮ ಅವರ ‘ವಿಚ್ ಹ್ಯಾಟ್ ಅಟೆಲಿಯೇ’ ಮಾಲೆಯಲ್ಲಿ ಚೌಕಟ್ಟಿನ ಗೆರೆಗಳೇ ಬಾಗಿಲುವಾಡದ ಕೆತ್ತನೆಯಂತೆ ಚಿತ್ರದೊಳಗೆ ಸೇರಿಹೋಗಿರುತ್ತವೆ. ಕತ್ತರಿಸಿ ಜೋಡಿಸಿದರಾಯಿತು ಎನ್ನುವವರಿಗೆ ಅದರ ಒಂದು ಪುಟ ತೋರಿಸಿದರೆ ಸಾಕು.

ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಇವು ಕನ್ನಡಕ್ಕೆ ಬಂದರೆ ಎಲ್ಲರೂ ದಿಕ್ಕಿನ ಬಗ್ಗೆಯೇ ಜಗಳವಾಡುತ್ತಾರೆ, ನಿಜವಾದ ತೊಡಕು ಗುಳ್ಳೆಯೊಳಗಿದೆ. ನಮ್ಮ ಪದಗಳು ವಿಭಕ್ತಿ ಹೊತ್ತುಕೊಂಡು ಅಡ್ಡಕ್ಕೆ ಬೆಳೆಯುತ್ತವೆ, ಒತ್ತಕ್ಷರಗಳು ಕೆಳಸಾಲಿನ ಜಾಗ ಬೇಡುತ್ತವೆ. ಪಡವಲಕಾಯಿಯಂಥ ಗುಳ್ಳೆಯಲ್ಲಿ ‘ಹೊರಟುಹೋಗಬೇಕಾಗಿತ್ತು’ ಎಂಬುದನ್ನು ಕೂರಿಸುವುದು ಹೇಗೆ? ಆದರೆ ಗುಳ್ಳೆಯ ಹೊರಗೆ, ಚಿತ್ರದ ಮೇಲೆಯೇ ಬರೆದಿರುವ ಸದ್ದಿನ ಪದಗಳಲ್ಲಿ ಇಂಗ್ಲಿಷಿಗಿಂತ ಕನ್ನಡದ ಕೈ ಮೇಲು. ಜಪಾನಿಯಲ್ಲಿ ಎದೆ ‘ಡೊಕಿಡೊಕಿ’ ಎನ್ನುತ್ತದೆ, ನಮ್ಮದು ಡವಡವ ಎನ್ನುತ್ತದೆ. ಅವರ ಮಳೆ ‘ಜಾಜಾ’ ಎಂದು ಸುರಿದರೆ ನಮ್ಮ ಆಷಾಢದ್ದು ಧೋ ಎಂದು ಸುರಿಯುತ್ತದೆ. ಸದ್ದೇ ಇಲ್ಲದ ಹೊಳಪಿಗೆ ಅವರಲ್ಲಿ ‘ಕಿರಾಕಿರಾ’ ಇದೆ, ನಮ್ಮಲ್ಲಿ ಫಳಫಳ ಇದೆ. ಶಾಲೆಯಲ್ಲಿ ಅನುಕರಣಾವ್ಯಯವೆಂದು ಬಾಯಿಪಾಠ ಮಾಡಿ ಮರೆತ ಪದಗಳೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ.

ಇವುಗಳಲ್ಲೆಲ್ಲ ಇಂಗ್ಲಿಷಿನವರಿಗೆ ಅತ್ಯಂತ ಕಷ್ಟದ್ದು ‘ಶೀನ್’ ಎಂಬ ಪದ. ಯಾರೂ ಇಲ್ಲದ ಕೋಣೆಯ ಚಿತ್ರದ ಮೇಲೆ ಜಪಾನಿಯರು ಅದನ್ನು ಬರೆಯುತ್ತಾರೆ. ಅದು ಮೌನದ ಸದ್ದು. ಇಂಗ್ಲಿಷಿನಲ್ಲಿ ಹಲವು ಸಲ ಅಲ್ಲಿ ‘ಸೈಲೆನ್ಸ್’ ಎಂದು ಬರೆದು, ಪರೀಕ್ಷಾ ಕೊಠಡಿಯ ಬಾಗಿಲಿನ ಫಲಕದಂತೆ ಮಾಡಿಬಿಟ್ಟಿರುತ್ತಾರೆ. ದಸರಾ ರಜೆ ಮುಗಿಸಿ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದ ಮಾರನೆಯ ಬೆಳಗ್ಗೆ ನಮ್ಮ ಮನೆಗಳು ಏನೆನ್ನುತ್ತವೆಂದು ನಿಮಗೆ ಗೊತ್ತಿದೆ. ಬಿಕೋ ಎನ್ನುತ್ತವೆ. ಎರಡೇ ಅಕ್ಷರ, ಒತ್ತಿಲ್ಲ. ಒಂದರ ಕೆಳಗೊಂದು ಇಟ್ಟರೂ ನಿಲ್ಲುತ್ತದೆ.