ಅಂಗಳಕ್ಕೆ ಭೂತಾಳೆ: ಮಣ್ಣು, ಮುಳ್ಳು, ಮರಿ

ಹೊಲದ ಬದುವಿನಲ್ಲಿ ಯಾರೂ ನೀರೆರೆಯದೆ ಬೆಳೆಯುವ ಭೂತಾಳೆ, ಕುಂಡಕ್ಕೆ ಬಂದ ಮೊದಲ ಮಳೆಗಾಲದಲ್ಲೇ ಕೊಳೆತುಹೋಗುವುದುಂಟು. ಬುಡದ ಎಲೆಗಳು ಹಳದಿಯಾಗಿ ಮೆತ್ತಗಾಗುತ್ತವೆ. ನಡುವಿನ ಸುಳಿಯನ್ನು ಮೆಲ್ಲಗೆ ಎಳೆದು ನೋಡಿ. ಕಿತ್ತು ಕೈಗೆ ಬಂದರೆ ಆ ಗಿಡದ ಆಸೆ ಬಿಡಿ. ಗಟ್ಟಿಯಾಗಿದ್ದರೆ ಗಿಡ ಮೇಲೆತ್ತಿ, ಕಪ್ಪಾದ ಬೇರು ಕತ್ತರಿಸಿ, ನೆರಳಲ್ಲಿ ಒಂದು ವಾರ ಒಣಗಿಸಿ ಮತ್ತೆ ನೆಡಬಹುದು.

ಹೆಚ್ಚಿನ ಸಲ ತಪ್ಪು ಮಣ್ಣಿನದು. ನರ್ಸರಿಯವರು ತುಂಬುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆಯಾಗೇ ಇರುತ್ತದೆ. ನೆಡುವಾಗ ಅದನ್ನು ಬೇರಿನಿಂದ ಉದುರಿಸಿ. ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಒಂದು ಪಾಲು ಕೆಂಪು ಮಣ್ಣು, ಅರ್ಧ ಪಾಲು ಚೆನ್ನಾಗಿ ಕಳಿತ ಗೊಬ್ಬರ ಸಾಕು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ತೊಳೆದು ಹಾಕಿ, ಅದರ ನುಣ್ಣನೆಯ ಪುಡಿ ನೀರು ಇಳಿಯಗೊಡುವುದಿಲ್ಲ. ಬೇರಿನ ಮುದ್ದೆಗಿಂತ 2 ಇಂಚು ಅಗಲವಿರುವ, ತಳದಲ್ಲಿ ತೂತಿರುವ ಮಣ್ಣಿನ ಕುಂಡ ಒಳ್ಳೆಯದು. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ ನೀರು. ಮಳೆಗಾಲದಲ್ಲಿ ಸೂರಿನಡಿ ಸರಿಸಿ. ಮಲೆನಾಡು, ಕರಾವಳಿಯಲ್ಲಿ ನೆಲಕ್ಕೆ ನೆಡುವುದಾದರೆ ಒಂದಡಿ ಎತ್ತರದ ಜಲ್ಲಿ ದಿಬ್ಬ ಮಾಡಲೇಬೇಕು.

ಭೂತಾಳೆಯಲ್ಲಿ ಹಲವು ಜಾತಿಗಳಿವೆ. ಅಮೆರಿಕಾನಾ ಜಾತಿಯ ಎಲೆ ಐದಾರು ಅಡಿ ಉದ್ದವಾಗುತ್ತದೆ. ಗೇಟಿನ ಪಕ್ಕ ಅಂಗೈಯಗಲದ ಮರಿ ನೆಟ್ಟವರು ನಾಲ್ಕೈದು ವರ್ಷಕ್ಕೆ ಓಡಾಡುವ ದಾರಿ ಬದಲಿಸಬೇಕಾಗುತ್ತದೆ. ಮಕ್ಕಳಿರುವ ಮನೆಗೆ ಮುಳ್ಳಿಲ್ಲದ ಅಟೆನುಯೇಟಾ ಜಾತಿ ವಾಸಿ, ಆದರೆ ಮಧ್ಯಾಹ್ನದ ಕಡುಬಿಸಿಲಿಗೆ ಅದರ ಎಲೆ ಸುಡುತ್ತದೆ. ಬೇರೆ ಜಾತಿಗಳ ತುದಿಮುಳ್ಳಿನ ಮೊನೆಯನ್ನಷ್ಟೇ ಉಗುರು ಕತ್ತರಿಯಿಂದ ಚಿವುಟಿ. ಹಸಿರು ಭಾಗ ಕತ್ತರಿಸಿದರೆ ತುದಿ ಒಣಗಿ ಕಂದಾಗುತ್ತದೆ.

ಲೋಳೆಸರವೆಂದು ಭ್ರಮಿಸಿ ಭೂತಾಳೆಯ ರಸವನ್ನು ಮೈಗೆ ಹಚ್ಚಬೇಡಿ. ಅದರಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಚರ್ಮಕ್ಕೆ ಚುಚ್ಚಿ ಉರಿ, ಗುಳ್ಳೆ ಎಬ್ಬಿಸುತ್ತವೆ. ಎಲೆ ಸವರುವಾಗ ತುಂಬುತೋಳಿನ ಅಂಗಿ, ಗ್ಲೌಸ್, ಕನ್ನಡಕ ಬೇಕು. ರಸ ಸಿಡಿಸುವ ಯಂತ್ರದ ಗರಗಸ ಬೇಡ.

ಬುಡದ ಮರಿ ಗೇಣುದ್ದವಾದಾಗ, ಒಣ ಹವೆಯಲ್ಲಿ, ಒಂದಿಷ್ಟು ಬೇರಿನ ಸಮೇತ ಬೇರ್ಪಡಿಸಿ. ಗಾಯ ಒಣಗಲು ನಾಲ್ಕೈದು ದಿನ ಬಿಟ್ಟು ನೆಡಿ; ಮೊದಲ ನೀರು ಇನ್ನೊಂದು ವಾರ ಕಳೆದ ಮೇಲೆ. ಸುಳಿಯ ಬುಡ ಮಣ್ಣಿನೊಳಗೆ ಹೂತುಹೋಗಬಾರದು.

ನೂರು ವರ್ಷಕ್ಕೊಮ್ಮೆ ಹೂವೆಂಬುದು ಬರೀ ಮಾತು. ಅಮೆರಿಕಾನಾ ಸಾಮಾನ್ಯವಾಗಿ 10ರಿಂದ 30 ವರ್ಷದೊಳಗೆ ಹೂದಂಡು ಎತ್ತುತ್ತದೆ. ಆಮೇಲೆ ತಾಯಿಗಿಡ ಸಾಯುತ್ತದೆ, ದಂಡು ಕಡಿದರೂ ಸಾಮಾನ್ಯವಾಗಿ ಉಳಿಯದು. ಒಣಗಿದ ದಂಡು ಗಾಳಿಗೆ ಬೀಳುವ ಮೊದಲೇ ಕಡಿದು ಇಳಿಸಿ, ಸುತ್ತಲಿನ ಮರಿಗಳಲ್ಲಿ ಒಂದನ್ನು ಅದೇ ಜಾಗದಲ್ಲಿ ಉಳಿಸಿಕೊಳ್ಳಿ.