“ಕತೆ ಬರೆಯೋರು ಹೇಗಮ್ಮ ಬರೀತಾರೆ?” ಅಂತ ಮಗು ಕೇಳಿದರೆ

ಪ್ರಶ್ನೆ: ಮಗಳು ಮೂರನೇ ಕ್ಲಾಸು. ಬಾಯಲ್ಲಿ ಗಂಟೆಗಟ್ಟಲೆ ಕತೆ ಹೇಳುತ್ತಾಳೆ, ಪೆನ್ಸಿಲ್ ಹಿಡಿದರೆ ಎರಡೇ ಸಾಲಿಗೆ ನಿಲ್ಲಿಸುತ್ತಾಳೆ. ಬರೆಯೋರು ಹೇಗೆ ಬರೆಯುತ್ತಾರೆ ಅಂತ ಕೇಳಿದಳು. ಏನು ಹೇಳಲಿ?

ಉತ್ತರ: ಅವಳಲ್ಲಿ ಕತೆಗೇನೂ ಬರವಿಲ್ಲ. ಎಂಟು ವರ್ಷದ ಮಗು ಒಂದು ವಾಕ್ಯ ಬರೆಯುವಾಗ ಮೂರು ಕೆಲಸ ಒಟ್ಟಿಗೆ ಮಾಡುತ್ತಿರುತ್ತದೆ: ಮುಂದೇನು ಎಂದು ಯೋಚಿಸಬೇಕು, ‘ಅಜ್ಜಿ’ಗೆ ಒತ್ತು ಹಾಕಬೇಕು, ಬಾಯಲ್ಲಿರುವ ‘ಹೋಗ್ತಿದ್ಲು’ವನ್ನು ಪುಸ್ತಕದ ‘ಹೋಗುತ್ತಿದ್ದಳು’ ಮಾಡಬೇಕು. ಅಷ್ಟರಲ್ಲಿ ಕತೆ ಆರಿಹೋಗಿರುತ್ತದೆ. ಹಾಗಾಗಿ ಅವಳಿಗೆ ಮೊದಲು ತಿಳಿಯಬೇಕಾದದ್ದು, ಬರೆಯುವವರು ಇದನ್ನೆಲ್ಲ ಒಂದೇ ಸಲ ಮಾಡುವುದಿಲ್ಲ ಅನ್ನುವುದು. ದೋಸೆ ಬೇಕೆಂದ ಕೂಡಲೇ ಅಕ್ಕಿಯನ್ನು ಕಾವಲಿಗೆ ಸುರಿಯುತ್ತೇವಾ ಎಂದು ಕೇಳಿ. ನೆನೆಯಬೇಕು, ರುಬ್ಬಬೇಕು, ರಾತ್ರಿಯಿಡೀ ಹುದುಗಬೇಕು.

ಮೊದಲ ದಿನ ಪೆನ್ಸಿಲ್ ಬೇಡ, ಮಾತು ಮಾತ್ರ. ಹದಿನೈದು ನಿಮಿಷ ಸಾಕು. ಒಬ್ಬರೋ ಇಬ್ಬರೋ ಪಾತ್ರ. ಮೂರನೆಯವರು ಬಂದರೆ ಈ ವಯಸ್ಸಿನಲ್ಲಿ ಯಾರಾದರೊಬ್ಬರು ನಡುವೆ ಕಳೆದುಹೋಗುತ್ತಾರೆ. ಆ ಪಾತ್ರಕ್ಕೆ ಏನೋ ಒಂದು ಬೇಕು, ಅದು ಸುಲಭಕ್ಕೆ ಸಿಗಬಾರದು. ಮಕ್ಕಳ ಕತೆ ಸಾಮಾನ್ಯವಾಗಿ ‘ಆಮೇಲೆ… ಆಮೇಲೆ…’ ಎಂದು ಓಡುತ್ತದೆ. ಆ ಪದದ ಜಾಗದಲ್ಲಿ ‘ಆದರೆ’, ‘ಅದಕ್ಕೇ’ ಹಾಕಿ ನೋಡಲು ಹೇಳಿ. ಚಿನ್ನು ಬಸ್ಸಿನಲ್ಲಿ ಛತ್ರಿ ಮರೆತಳು. ಆದರೆ ಅದು ಅಜ್ಜಿಯ ಛತ್ರಿ. ಅದಕ್ಕೇ ಡಿಪೋಗೆ ಹೋದಳು. ಆದರೆ ಅಲ್ಲಿ ನೂರು ಕಪ್ಪು ಛತ್ರಿಗಳಿದ್ದವು. ಇಲ್ಲಿ ನಿಲ್ಲಿಸಿ, ಅಜ್ಜಿಯದು ಯಾವುದೆಂದು ಗೊತ್ತಾಗೋದು ಹೇಗೆ ಎಂದು ಕೇಳಿ ಸುಮ್ಮನಾಗಿ. ದೊಡ್ಡವರು ಎಡವುವುದು ಇಲ್ಲೇ: ಹತ್ತು ಸೆಕೆಂಡಿನ ಮೌನ ತಡೆಯಲಾರದೆ ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ. ಅಲ್ಲಿಂದಾಚೆಗೆ ಅದು ನಿಮ್ಮ ಕತೆ.

ಏನೂ ಹೊಳೆಯದಿದ್ದರೆ, ಗೊತ್ತಿರುವ ಕತೆಯನ್ನೇ ತನ್ನ ಬೀದಿಗೆ ತಂದುಕೊಳ್ಳಲಿ. ಅದು ಕಾಪಿ ಹೊಡೆದಂತಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಮೂಲ ರಾಬರ್ಟ್ ಬ್ರೌನಿಂಗನ ಇಂಗ್ಲಿಷ್ ಕವಿತೆ. ಜರ್ಮನಿಯ ಹ್ಯಾಮೆಲಿನ್ ಪಟ್ಟಣ ಇಲ್ಲಿ ತುಂಗೆಯ ದಡದ ಹಳ್ಳಿಯಾಯಿತು. ಊರು ಬದಲಾದರೆ ಊಟ, ಹೆಸರು, ಬೈಗುಳ ಎಲ್ಲ ಬದಲಾಗಬೇಕಾಗುತ್ತದೆ. ಆ ಬದಲಾವಣೆಯಲ್ಲೇ ಮಗುವಿಗೆ ಬೇಕಾದಷ್ಟು ಕೆಲಸವಿದೆ.

ಎರಡನೇ ದಿನ ಬರವಣಿಗೆ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಬರೆಯಲಿ, ತಿದ್ದಲು ಜಾಗವಿರುತ್ತದೆ. ರಬ್ಬರ್ ಎತ್ತಿಡಿ: ರಬ್ಬರ್ ಕೈಲಿದ್ದರೆ ಮಗು ಮೊದಲ ಸಾಲನ್ನೇ ಐದು ಸಲ ಬರೆಯುತ್ತಾ ಕೂರುತ್ತದೆ. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋದರಾಯಿತು. ಎಂಟು–ಹತ್ತು ವಾಕ್ಯ ಬಂದರೆ ಧಾರಾಳ. ‘ಹಾಲು’ ‘ಆಲು’ ಆಗಿದ್ದರೂ ಅವತ್ತು ಬಾಯಿ ಬಿಡಬೇಡಿ. ಪಾತ್ರಗಳ ಮಾತು ಮನೆಮಾತಿನಲ್ಲೇ ಇರಲಿ. ಮಂಗಳೂರಿನ ಅಜ್ಜಿ ‘ಎಂತ ಮಾರಾಯ್ತಿ’ ಅಂದರೆ ಹಾಗೆಯೇ ಬರೆಯಲಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದುವ ಅಥವಾ ಹೊರದೇಶದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಕನ್ನಡ ಅಕ್ಷರವೇ ಭಾರವಾಗಿದ್ದರೆ, ಅವರು ಹೇಳಲಿ, ನೀವು ಬರೆದುಕೊಳ್ಳಿ. ಒಂದೇ ಷರತ್ತು: ಹೇಳಿದ್ದಷ್ಟನ್ನೇ ಬರೆಯಬೇಕು. ಚಂದ ಮಾಡಲು ಹೋಗಬಾರದು.

ಪಕ್ಕದಲ್ಲಿ ಕೂತು ನೀವೂ ಏನಾದರೂ ಬರೆಯಿರಿ, ಕಾಟು ಹೊಡೆಯುವುದು ಅವಳಿಗೆ ಕಾಣಲಿ. ಅಚ್ಚಾದ ಪುಸ್ತಕ ಮಾತ್ರ ನೋಡಿರುವ ಮಗುವಿಗೆ, ಅದು ಮೊದಲ ಏಟಿಗೇ ಹಾಗೆ ಬಂದದ್ದು ಅನ್ನಿಸುತ್ತದೆ.

ಆಮೇಲೆ ಎರಡು ದಿನ ಬಿಟ್ಟುಬಿಡಿ. ಆಗತಾನೆ ಬರೆದದ್ದನ್ನು ಓದುವಾಗ ತಲೆಯಲ್ಲಿರುವುದೇ ಹಾಳೆಯ ಮೇಲೂ ಕಾಣುತ್ತದೆ. ನಂತರ ಅವಳ ಕತೆಯನ್ನು ನೀವು ಗಟ್ಟಿಯಾಗಿ ಓದಿ, ಇದ್ದದ್ದು ಇದ್ದಹಾಗೆ. ಬಿಟ್ಟುಹೋದ ಪದವನ್ನು ಅವಳ ಕಿವಿಯೇ ಹಿಡಿಯುತ್ತದೆ. ತಿದ್ದುವುದು ಒಂದೇ ವಿಷಯ: ಎಲ್ಲಿ ಅರ್ಥವಾಗಲಿಲ್ಲ, ಅಲ್ಲಿ ಒಂದು ವಾಕ್ಯ ಸೇರಿಸಲಿ. ಕಾಗುಣಿತ ಕೊನೆಗೆ. ಕೆಂಪು ಪೆನ್ ಬೇಡವೇ ಬೇಡ.

ಎರಡು ಅಂತ್ಯಗಳ ಬಗ್ಗೆ ಎಚ್ಚರ. ‘ಎದ್ದು ನೋಡಿದರೆ ಅದೆಲ್ಲ ಕನಸು’ ಅನ್ನುವುದು ಸುಸ್ತಾದ ಮಗುವಿನ ಅಂತ್ಯ. ಬೇಸರ ಮಾಡಿಕೊಳ್ಳದೆ, ಕತೆಯನ್ನು ಇನ್ನಷ್ಟು ಚಿಕ್ಕದು ಮಾಡಲು ಹೇಳಿ. ‘ಈ ಕತೆಯ ನೀತಿ ಏನೆಂದರೆ’ ಅನ್ನುವುದು ಪಠ್ಯಪುಸ್ತಕದಿಂದ ಬಂದದ್ದು. ಪರೀಕ್ಷೆಯ ಪ್ರಬಂಧಕ್ಕೆ ಪೀಠಿಕೆ, ಉಪಸಂಹಾರ ಬೇಕಾಗಬಹುದು. ಅಜ್ಜಿಯ ಛತ್ರಿ ಸಿಕ್ಕ ಮೇಲೆ ಕತೆ ಮುಗಿಯಿತು.

ಮುಗಿದದ್ದನ್ನು ಪುಸ್ತಕ ಮಾಡಿಕೊಡಿ: ಎರಡು ಎ4 ಹಾಳೆ ಒಟ್ಟಿಗೆ ಅರ್ಧಕ್ಕೆ ಮಡಿಸಿ, ಮಡಿಕೆಯ ಮೇಲೆ ಎರಡು ಸ್ಟೇಪಲ್ ಪಿನ್ ಹೊಡೆದರೆ ಎಂಟು ಪುಟ. ಮೊದಲ ಪುಟಕ್ಕೆ ಹೆಸರು ಮತ್ತು ಚಿತ್ರ, ಹಿಂಬದಿಗೆ ಬೆಲೆ. ಬೆಲೆ ಎಷ್ಟೆಂದು ಅವಳೇ ಹಾಕಲಿ.